ಪರಿವೇಷದೊಳಗಣ ಕೃಷ್ಣವಿವರ

ಕೃಷ್ಣವಿವರಗಳನ್ನು ಕುರಿತ ಪಠ್ಯಗ್ರಂಥಗಳಲ್ಲಿ ಬಹುಪಾಲು ಒಂದು ಏಕಾಂತದ ಚಿತ್ರದಿಂದಲೇ ಆರಂಭವಾಗುತ್ತವೆ: ಸುತ್ತಲೂ ಶೂನ್ಯ, ಎಷ್ಟು ದೂರ ಸಾಗಿದರೂ ಒಂದು ಧೂಳಿನ ಕಣವಿಲ್ಲ, ಆ ಶೂನ್ಯದ ನಡುವೆ ದ್ರವ್ಯರಾಶಿ ಮತ್ತು ಭ್ರಮಣ ಇವೆರಡನ್ನುಳಿದು ಬೇರಾವ ಗುಣವನ್ನೂ ಹೊಂದಿರದ ಒಂದು ವಸ್ತು. 1916ರಲ್ಲಿ ಪ್ರಕಟವಾದ ಕಾರ್ಲ್ ಶ್ವಾರ್ಜ್‌ಶಿಲ್ಡರ ಪರಿಹಾರವೂ, ತಿರುಗುವ ಕಾಯಕ್ಕಾಗಿ ನ್ಯೂಜಿಲೆಂಡಿನವರಾದ ರಾಯ್ ಕೆರ್ 1963ರಲ್ಲಿ ಕಂಡುಕೊಂಡ ಪರಿಹಾರವೂ ಇಂಥ ಶೂನ್ಯವನ್ನೇ ಒಪ್ಪಿಕೊಂಡು ಹೊರಡುತ್ತವೆ. ಐನ್‌ಸ್ಟೈನರ ಸಮೀಕರಣಗಳ ಜಟಿಲತೆಯನ್ನು ಬಲ್ಲವರು ಇದನ್ನು ದೋಷವೆಂದು ಎಣಿಸಲಾರರು. ಆದರೆ ನಿಸರ್ಗದಲ್ಲಿ ಒಂಟಿಯಾದ ಕೃಷ್ಣವಿವರವೆಂಬುದು ನಮಗೆ ಗೋಚರವಾಗುವಂತಿಲ್ಲ. ನಾವು ಚಿತ್ರ ತೆಗೆಯಲು ಶಕ್ತರಾಗಿರುವ ಎರಡೂ ಕೃಷ್ಣವಿವರಗಳು ತಂತಮ್ಮ ಗೆಲಾಕ್ಸಿಗಳ ಒಡಲಿನಲ್ಲಿ, ಅನಿಲ, ಧೂಳು, ನಕ್ಷತ್ರಗಳ ನಡುವೆ ಇವೆ. ಇವೆಲ್ಲವನ್ನೂ ಒಳಗೊಂಡು, ಇವೆಲ್ಲಕ್ಕಿಂತಲೂ ಹಲವು ಪಾಲು ಹೆಚ್ಚು ತೂಗುವ, ಬೆಳಕನ್ನು ಬೀರದ ಹಾಗೂ ಹೀರದ ಕೃಷ್ಣದ್ರವ್ಯದ ಪರಿವೇಷವೊಂದು ಸುತ್ತುವರಿದಿದೆ. ಹೀಗಿರುವಾಗ, ಆ ಕಾಣದ ದ್ರವ್ಯವು ತನ್ನ ನಡುವೆ ತಿರುಗುತ್ತಿರುವ ಕೃಷ್ಣವಿವರದ ರೂಪವನ್ನು, ಎಂದರೆ ನಮ್ಮ ದೂರದರ್ಶಕಗಳಿಗೆ ಅದು ತೋರುವ ಬಗೆಯನ್ನು, ಎಷ್ಟರಮಟ್ಟಿಗೆ ಮಾರ್ಪಡಿಸೀತು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಈ ಪ್ರಶ್ನೆಗೆ ನಮ್ಮ ಊರಿನ ನಂಟುಂಟು. ದಕ್ಷಿಣ ಬೆಂಗಳೂರಿನ ಸುದ್ದಗುಂಟೆಪಾಳ್ಯದಲ್ಲಿ, ಡೈರಿ ಸರ್ಕಲ್ಲಿನ ವಾಹನಗಳ ಅಬ್ಬರಕ್ಕೂ ತಾವರೆಕೆರೆ ಮುಖ್ಯರಸ್ತೆಯ ಜನಸಂದಣಿಗೂ ನಡುವೆ, ವಿದ್ಯಾರ್ಥಿಗಳಿಂದ ತುಂಬಿದ ಪಿಜಿಗಳ ಸಾಲಿನಲ್ಲಿ ನಿಂತವನು ಹೊಸೂರು ರಸ್ತೆಯನ್ನು ದಾಟಿ ಪೂರ್ವಕ್ಕೆ ಕೊಂಚ ದೂರ ನಡೆದನೆಂದರೆ ಕೋರಮಂಗಲದ ಎರಡನೆಯ ಬ್ಲಾಕಿನಲ್ಲಿ, ಮರಗಳ ಮರೆಯಲ್ಲಿ, ಭಾರತೀಯ ಖಭೌತ ಸಂಸ್ಥೆಯನ್ನು ಕಾಣುತ್ತಾನೆ. ಕೃಷ್ಣವಿವರವನ್ನು ಶೂನ್ಯದಲ್ಲಿರಿಸದೆ ದ್ರವ್ಯದಿಂದ ತುಂಬಿದ ಜಗತ್ತಿನಲ್ಲಿರಿಸಿ ನೋಡಬೇಕೆಂದು ಹೊರಟ ವಿಜ್ಞಾನಿಗಳಲ್ಲಿ ಒಬ್ಬರು ಈ ಸಂಸ್ಥೆಯಲ್ಲಿದ್ದರು. ಅವರು ಸಿ. ವಿ. ವಿಶ್ವೇಶ್ವರ. 1938ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, 2017ರ ಜನವರಿಯಲ್ಲಿ ಇದೇ ಊರಿನಲ್ಲಿ ತೀರಿಕೊಂಡ ಇವರು ಕನ್ನಡದ ಹಿರಿಯ ಸಾಹಿತಿ ಸಿ. ಕೆ. ವೆಂಕಟರಾಮಯ್ಯನವರ ಮಗ, ನಗರದ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರು. ತಾರಾಲಯದ ಗುಮ್ಮಟದ ಕೆಳಗೆ ಕುಳಿತು ನಕ್ಷತ್ರಗಳನ್ನು ಮೊದಲ ಬಾರಿಗೆ ಹೆಸರಿಟ್ಟು ಗುರುತಿಸಲು ಕಲಿತ ಬೆಂಗಳೂರಿನ ಎಷ್ಟೋ ಮಕ್ಕಳಿಗೆ, ಆ ಪ್ರದರ್ಶನಗಳ ಹಿಂದಿದ್ದ ಈ ಮೃದುಭಾಷಿಯು ಕೃಷ್ಣವಿವರಗಳ ಸಿದ್ಧಾಂತವನ್ನು ಕಟ್ಟಿದವರಲ್ಲಿ ಒಬ್ಬರೆಂಬುದು ತಿಳಿದಿರಲಿಲ್ಲ.

ಅವರ ಮೊದಲ ಎರಡು ಸಾಧನೆಗಳು ಈ ಅಧ್ಯಾಯಕ್ಕೆ ತಳಹದಿಯಾದುದರಿಂದ ಅವನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಮಿಸ್ನರರ ಶಿಷ್ಯರಾಗಿದ್ದ ಕಾಲದಲ್ಲಿ, 1968ರಲ್ಲಿ ಪ್ರಕಟವಾದ ಒಂದು ಲೇಖನದಲ್ಲಿ, ಅವರು ಭ್ರಮಿಸುವ ಕೃಷ್ಣವಿವರಕ್ಕೆ ಒಂದಲ್ಲ, ಎರಡು ಎಲ್ಲೆಗಳುಂಟೆಂಬುದನ್ನು ವಿಶದಪಡಿಸಿದರು. ತಿರುಗದ ಕೃಷ್ಣವಿವರದಲ್ಲಿ, ನಿಶ್ಚಲವಾಗಿ ನಿಲ್ಲಲು ಸಾಧ್ಯವಿರುವ ಕೊನೆಯ ತಾಣವೂ, ದಾಟಿದವನು ಮರಳಿ ಬರಲಾರದ ಘಟನಾ ಕ್ಷಿತಿಜವೂ ಒಂದೇ ಮೇಲ್ಮೈ. ತಿರುಗುವ ಕೃಷ್ಣವಿವರದಲ್ಲಿಯಾದರೋ ಇವೆರಡೂ ಬೇರ್ಪಡುತ್ತವೆ. ಹೊರಗಣ ಎಲ್ಲೆಯ ಒಳಕ್ಕೆ ಹೋದ ಕಣ ದೇಶಕಾಲದ ಸೆಳೆತಕ್ಕೆ ಸಿಕ್ಕಿ ತಿರುಗಲೇಬೇಕು, ಆದರೆ ಹೊರಬರುವ ಸ್ವಾತಂತ್ರ್ಯ ಅದಕ್ಕೆ ಇನ್ನೂ ಉಳಿದಿರುತ್ತದೆ. ಒಳಗಣ ಎಲ್ಲೆಯನ್ನು ದಾಟಿದ ಮೇಲೆ ಅದೂ ಇಲ್ಲ. ಈ ಎರಡು ಎಲ್ಲೆಗಳ ನಡುವಣ ಪ್ರದೇಶಕ್ಕೆ ಮುಂದೆ ಎರ್ಗೋಸ್ಫಿಯರ್ ಎಂಬ ಹೆಸರು ಬಂದಿತು. ಕೃಷ್ಣವಿವರದ ಭ್ರಮಣಶಕ್ತಿಯನ್ನು ಹೊರಗೆ ತೆಗೆಯುವುದಾದರೆ ಅದು ಇಲ್ಲಿಂದಲೇ ಆಗಬೇಕು. ಎರಡನೆಯದು 1970ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಲೇಖನ. ಕೃಷ್ಣವಿವರದ ಮೇಲೆ ಗುರುತ್ವ ತರಂಗಗಳ ಚಿಕ್ಕ ಚಿಕ್ಕ ಕಂತೆಗಳನ್ನು ಗಣಿತದಲ್ಲಿಯೇ ಹಾಯಿಸಿ, ಅವು ಚದರಿ ಬರುವ ರೀತಿಯನ್ನು ಅವರು ಲೆಕ್ಕಹಾಕಿದರು. ಕಂತೆ ಅಗಲವಾಗಿದ್ದಾಗ ವಿಶೇಷವೇನೂ ತೋರಲಿಲ್ಲ. ಅದನ್ನು ಕಿರಿದು ಮಾಡುತ್ತ ಹೋಗಿ, ಅದರ ಅಗಲ ಕೃಷ್ಣವಿವರದ ಗಾತ್ರಕ್ಕೆ ಸಮೀಪಿಸಿದಾಗ, ಮರಳಿ ಬಂದ ತರಂಗದ ತುದಿಯಲ್ಲಿ ಬೇಗಬೇಗನೆ ಕ್ಷೀಣಿಸುವ ಒಂದು ಕಂಪನ ಕಾಣಿಸಿಕೊಂಡಿತು. ಆ ಕಂಪನದ ಲಯ ಎಸೆದ ಕಂತೆಯದಲ್ಲ, ಕೃಷ್ಣವಿವರದ ಸ್ವಂತದ್ದು. 2015ರ ಸೆಪ್ಟೆಂಬರ್ 14ರಂದು ಲೈಗೋ ಯಂತ್ರಗಳು ಎರಡು ಕೃಷ್ಣವಿವರಗಳ ಸಂಗಮವನ್ನು ಮೊತ್ತಮೊದಲಿಗೆ ದಾಖಲಿಸಿಕೊಂಡಾಗ, ಆ ಸಂಕೇತದ ಕೊನೆಯ ಭಾಗವನ್ನು ಅರ್ಥಮಾಡಿಕೊಳ್ಳಲು ಬೇಕಾಗಿದ್ದುದು ನಾಲ್ವತ್ತೈದು ವರ್ಷಗಳ ಹಿಂದಣ ಈ ಲೆಕ್ಕವೇ.

ಇನ್ನು ಕೋರಮಂಗಲದ ಕೆಲಸಕ್ಕೆ ಬರೋಣ. ಇದಕ್ಕೂ ಒಂದು ಪೂರ್ವಕಥೆಯುಂಟು. ಗುಜರಾತಿನ ಗಣಿತಜ್ಞ ಪಿ. ಸಿ. ವೈದ್ಯರು ಬೆಳಕನ್ನು ಸೂಸುವ ನಕ್ಷತ್ರದ ಗುರುತ್ವ ಕ್ಷೇತ್ರವನ್ನು ಕುರಿತ ತಮ್ಮ ಹೆಸರಾಂತ ಪರಿಹಾರವನ್ನು 1943ರಲ್ಲಿ ಬೆಂಗಳೂರಿನಿಂದ ಹೊರಡುತ್ತಿದ್ದ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. 1977ರಲ್ಲಿ ಕೆರ್ ಕೃಷ್ಣವಿವರವನ್ನು ದ್ರವ್ಯಪೂರಿತವಾದ ವಿಶ್ವದ ಹಿನ್ನೆಲೆಯಲ್ಲಿರಿಸುವ ಇನ್ನೊಂದು ಪರಿಹಾರವನ್ನು, ಇದನ್ನೂ ಬೆಂಗಳೂರಿನ ಪ್ರಮಾಣ ಪತ್ರಿಕೆಯಲ್ಲಿಯೇ, ಮುಂದಿಟ್ಟರು. ಆ ಎಳೆಯನ್ನು ಹಿಡಿದು ವಿಶ್ವೇಶ್ವರರೂ ಅವರ ಸಹೋದ್ಯೋಗಿ ರಾಜೇಶ್ ನಾಯಕರೂ ಇಂಗ್ಲೆಂಡಿನ ಮ್ಯಾಲ್ಕಂ ಮೆಕ್‌ಕಲಮ್ಮರೊಡಗೂಡಿ 2001ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಐನ್‌ಸ್ಟೈನರು 1917ರಲ್ಲಿ ಕಲ್ಪಿಸಿದ ಸಂವೃತ ವಿಶ್ವದ ನಡುವೆ ತಿರುಗದ ಕೃಷ್ಣವಿವರವೊಂದನ್ನು ಇರಿಸಿ, ಒಳಗಣ ಶೂನ್ಯವನ್ನು ಹೊರಗಣ ದ್ರವ್ಯಕ್ಕೆ ಕ್ಷಿತಿಜದಲ್ಲಿಯೇ ಹೊಲಿದು, ಅಂಥ ಜಗತ್ತಿನಲ್ಲಿ ತರಂಗಗಳು ಹೇಗೆ ನಡೆದುಕೊಳ್ಳುವುವೆಂಬುದನ್ನು ಪರಿಶೀಲಿಸಿದರು. ಅನಂತರ ತಿರುಗುವ ಕೃಷ್ಣವಿವರಕ್ಕೂ ಅದೇ ವಿಚಾರಣೆ ನಡೆಯಿತು. ಹೊರಜಗತ್ತಿನ ಅಳತೆಯೇ ಕೃಷ್ಣವಿವರದ ದ್ರವ್ಯರಾಶಿಗೆ ಒಂದು ಮೇಲ್ಮಿತಿಯನ್ನು ವಿಧಿಸುತ್ತದೆಂಬುದು ಅಲ್ಲಿ ಕಂಡುಬಂದ ಫಲಗಳಲ್ಲೊಂದು. ಐನ್‌ಸ್ಟೈನರ ಆ ವಿಶ್ವವು ಗೆಲಾಕ್ಸಿಯ ಪರಿವೇಷವಲ್ಲ, ನಿಜ. ಆದರೆ ಕೃಷ್ಣವಿವರದ ಗುಣಗಳಲ್ಲಿ ಅದರ ಸ್ವಂತದ್ದೆಷ್ಟು, ನೆರೆಹೊರೆಯಿಂದ ಬಂದದ್ದೆಷ್ಟು ಎಂದು ಬಿಡಿಸಿ ನೋಡುವ ಕ್ರಮವನ್ನು ಅದು ಸ್ಪಷ್ಟವಾಗಿ ತೋರಿಸಿಕೊಟ್ಟಿತು, ಮತ್ತು ನಾವು ಇಲ್ಲಿ ಅನುಸರಿಸಬೇಕಾದ ಕ್ರಮವೂ ಅದೇ.

ಕೃಷ್ಣದ್ರವ್ಯದ ಚರಿತ್ರೆಯನ್ನು ಹಿಂದಿನ ಅಧ್ಯಾಯದಲ್ಲಿ ಹೇಳಿಯಾಗಿದೆ. 1933ರಲ್ಲಿ ಫ್ರಿಟ್ಸ್ ಜ್ವಿಕಿ ಕೋಮಾ ಗೆಲಾಕ್ಸಿಪುಂಜದಲ್ಲಿ ಅದರ ಸುಳಿವನ್ನು ಕಂಡರು. 1970ರಿಂದೀಚೆಗೆ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಗೆಲಾಕ್ಸಿಗಳ ಹೊರವಲಯದ ನಕ್ಷತ್ರಗಳು ತಾವು ಹೋಗಬೇಕಾದುದಕ್ಕಿಂತ ವೇಗವಾಗಿ ಸುತ್ತುತ್ತಿರುವುದನ್ನು ಅಳೆದು ತೋರಿಸಿದ ಮೇಲೆ ಅದನ್ನು ಅಲ್ಲಗಳೆಯುವುದು ಕಷ್ಟವಾಯಿತು. ವಿಶ್ವದ ಒಟ್ಟು ದ್ರವ್ಯದಲ್ಲಿ ನೂರಕ್ಕೆ 85 ಪಾಲು ಅದೇ. ಈ ಸಂಖ್ಯೆಯನ್ನು ಕೇಳಿದವರು ಕೃಷ್ಣದ್ರವ್ಯವೆಂದರೆ ದಟ್ಟವಾದುದೆಂದು ಭಾವಿಸುವುದು ಸಹಜ. ಸತ್ಯಸ್ಥಿತಿ ಇದಕ್ಕೆ ವಿರುದ್ಧವಾಗಿದೆ: ಸೌರಮಂಡಲದ ನೆರೆಯಲ್ಲಿ ಅದರ ಸಾಂದ್ರತೆ ಎಷ್ಟು ಅಲ್ಪವೆಂದರೆ, ಇಡೀ ಭೂಮಿಯ ಘನಗಾತ್ರದಷ್ಟು ಸ್ಥಳದಲ್ಲಿ ಯಾವುದೇ ಕ್ಷಣದಲ್ಲಿರುವ ಕೃಷ್ಣದ್ರವ್ಯವನ್ನೆಲ್ಲ ಒಟ್ಟುಗೂಡಿಸಿದರೂ ಒಂದು ಕಿಲೋಗ್ರಾಮು ತೂಗದು. ಅದರ ಪ್ರಾಬಲ್ಯವೆಲ್ಲ ವಿಸ್ತಾರದಿಂದ ಬಂದದ್ದು, ದಟ್ಟಣೆಯಿಂದಲ್ಲ. ಇದೊಂದು ಮಾತನ್ನು ನೆನಪಿಟ್ಟುಕೊಂಡರೆ ಮುಂದಿನ ವಿಚಾರವೆಲ್ಲ ಸುಗಮವಾಗುತ್ತದೆ.

ಈಗ ಕೃಷ್ಣವಿವರದ ರೂಪ. ಬೆಳಕನ್ನು ಬಿಡದ ವಸ್ತುವಿಗೆ ರೂಪವೆಲ್ಲಿಂದ ಎಂದರೆ, ಅದರ ಸುತ್ತ ಸುಳಿಯುವ ಬಿಸಿ ಅನಿಲದ ಬೆಳಕಿನ ನಡುವೆ ಅದು ಒಂದು ಛಾಯೆಯಾಗಿ ತೋರಿಕೊಳ್ಳುತ್ತದೆ. ಈ ಛಾಯೆಯ ಅಂಚು ಘಟನಾ ಕ್ಷಿತಿಜವಲ್ಲ. ಕ್ಷಿತಿಜಕ್ಕಿಂತ ಹೊರಗೆ, ಬೆಳಕು ವೃತ್ತಾಕಾರವಾಗಿ ಸುತ್ತಬಲ್ಲ, ಆದರೆ ಬಹುಕಾಲ ಸುತ್ತುತ್ತ ನಿಲ್ಲಲಾರದ ಕಕ್ಷೆಗಳಿವೆ, ಮತ್ತು ಛಾಯೆಯ ಅಂಚನ್ನು ನಿರ್ಣಯಿಸುವುವು ಈ ಕಕ್ಷೆಗಳೇ. ಕೃಷ್ಣವಿವರದ ದ್ರವ್ಯರಾಶಿಯಿಂದ ನಿಷ್ಪನ್ನವಾಗುವ ಒಂದು ಅಳತೆಯುಂಟು. ಸೂರ್ಯನಷ್ಟು ದ್ರವ್ಯರಾಶಿಗೆ ಅದು ಸುಮಾರು ಒಂದೂವರೆ ಕಿಲೋಮೀಟರು. ಇದನ್ನು ಒಂದು ಮಾನವೆಂದು ಇಟ್ಟುಕೊಂಡರೆ, ತಿರುಗದ ಕೃಷ್ಣವಿವರದ ಕ್ಷಿತಿಜ ಕೇಂದ್ರದಿಂದ ಎರಡು ಮಾನಗಳ ದೂರದಲ್ಲಿ, ಬೆಳಕಿನ ವೃತ್ತಕಕ್ಷೆ ಮೂರು ಮಾನಗಳ ದೂರದಲ್ಲಿ ಇರುತ್ತವೆ; ಬೆಳಕು ಬಾಗಿ ಬರುವುದರಿಂದ ದೂರದ ನೋಟಕನಿಗೆ ಛಾಯೆಯು 10.4 ಮಾನಗಳ ವ್ಯಾಸವುಳ್ಳ ಪರಿಪೂರ್ಣ ವೃತ್ತವಾಗಿ ಕಾಣುತ್ತದೆ.

ಕೃಷ್ಣವಿವರ ತಿರುಗತೊಡಗಿತೆಂದರೆ ಈ ಸಮತೆ ಕೆಡುತ್ತದೆ. ಭ್ರಮಣದ ದಿಕ್ಕಿನಲ್ಲಿಯೇ ಸುತ್ತುವ ಬೆಳಕಿಗೆ ದೇಶಕಾಲದ ಸೆಳೆತ ಅನುಕೂಲವಾಗಿ, ಅದು ಕೇಂದ್ರಕ್ಕೆ ಇನ್ನಷ್ಟು ಹತ್ತಿರ ಸುಳಿದೂ ಪಾರಾಗಿ ಬರಬಲ್ಲದು. ಎದುರು ದಿಕ್ಕಿನ ಬೆಳಕಿಗೆ ಅದೇ ಸೆಳೆತ ಪ್ರತಿಕೂಲವಾಗಿ, ದೂರದಲ್ಲಿಯೇ ಸೆರೆಯಾಗುತ್ತದೆ. ಭ್ರಮಣವು ಪರಮಾವಧಿಗೇರಿದಾಗ ಮೊದಲನೆಯ ಕಕ್ಷೆ ಒಂದು ಮಾನಕ್ಕೆ ಇಳಿದರೆ ಎರಡನೆಯದು ನಾಲ್ಕು ಮಾನಗಳಿಗೆ ಏರುತ್ತದೆ. ಭ್ರಮಣಾಕ್ಷಕ್ಕೆ ಲಂಬವಾದ ಬದಿಯಿಂದ ನೋಡುವವನಿಗೆ ಛಾಯೆಯ ಒಂದು ಅಂಚು ಅಕ್ಷದಿಂದ ಎರಡು ಮಾನಗಳ ದೂರದಲ್ಲಿ, ಇನ್ನೊಂದು ಅಂಚು ಏಳು ಮಾನಗಳ ದೂರದಲ್ಲಿ ತೋರುತ್ತದೆ. ನಮ್ಮತ್ತ ತಿರುಗಿ ಬರುತ್ತಿರುವ ಪಾರ್ಶ್ವ ಚಪ್ಪಟೆಯಾಗಿ, ನಮ್ಮಿಂದ ತಿರುಗಿ ಹೋಗುತ್ತಿರುವ ಪಾರ್ಶ್ವ ದುಂಡಗೆ ಉಳಿದು, ಛಾಯೆಯೇ ಒಂದು ಮಗ್ಗುಲಿಗೆ ಸರಿದಂತಾಗುತ್ತದೆ. ಇಷ್ಟಾಗಿಯೂ ಒಟ್ಟು ಅಗಲ 10.4ರಿಂದ ಒಂಬತ್ತಕ್ಕೆ ಇಳಿಯುವುದಷ್ಟೆ, ಅದೂ ಭ್ರಮಣದ ಪರಮಾವಧಿಯಲ್ಲಿ. ಜೇಮ್ಸ್ ಬಾರ್ಡೀನ್ 1973ರಲ್ಲಿ ಈ ಆಕೃತಿಯನ್ನು ಲೆಕ್ಕಹಾಕಿದಾಗ ಅದನ್ನು ಕಣ್ಣಾರೆ ಕಾಣಬಹುದೆಂದು ಯಾರೂ ಆಶಿಸಿರಲಿಲ್ಲ.

ಕೃಷ್ಣವಿವರದ ಛಾಯೆ ಕಂಡದ್ದು 2019ರ ಏಪ್ರಿಲ್ 10ರಂದು. ಭೂಮಿಯ ಆರು ನೆಲೆಗಳಲ್ಲಿದ್ದ ಎಂಟು ರೇಡಿಯೊ ದೂರದರ್ಶಕಗಳನ್ನು ಒಂದೇ ಯಂತ್ರವೆಂಬಂತೆ ಕೂಡಿಸಿ ರಚಿತವಾದ ಈವೆಂಟ್ ಹೊರೈಜ಼ನ್ ಟೆಲಿಸ್ಕೋಪು, ಐದೂವರೆ ಕೋಟಿ ಜ್ಯೋತಿರ್ವರ್ಷಗಳಾಚೆಯ ಎಂ87 ಗೆಲಾಕ್ಸಿಯ ನಡುವಿರುವ, 650 ಕೋಟಿ ಸೂರ್ಯರಷ್ಟು ತೂಗುವ ಕೃಷ್ಣವಿವರದ ಚಿತ್ರವನ್ನು ಅಂದು ಪ್ರಕಟಿಸಿತು. ಉಂಗುರದ ವ್ಯಾಸ 42 ಮೈಕ್ರೊ ಆರ್ಕ್‌ಸೆಕೆಂಡು, ಏರುಪೇರು ಮೂರರಷ್ಟು. ಒಂದು ಡಿಗ್ರಿಯನ್ನು 360 ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ಮೈಕ್ರೊ ಆರ್ಕ್‌ಸೆಕೆಂಡು. ಉಂಗುರದ ಕೆಳಭಾಗ ಮೇಲ್ಭಾಗಕ್ಕಿಂತ ಪ್ರಕಾಶಮಾನವಾಗಿದೆ, ಏಕೆಂದರೆ ಅಲ್ಲಿಯ ಅನಿಲ ನಮ್ಮತ್ತ ಧಾವಿಸುತ್ತಿದೆ. 2022ರ ಮೇ 12ರಂದು ನಮ್ಮದೇ ಆಕಾಶಗಂಗೆಯ ನಡುವಿನ, 27 ಸಾವಿರ ಜ್ಯೋತಿರ್ವರ್ಷಗಳ ದೂರದ, ಸುಮಾರು 40 ಲಕ್ಷ ಸೂರ್ಯರಷ್ಟು ತೂಗುವ ಧನುರ್ ಎ-ನಕ್ಷತ್ರವೆಂಬ ಕೃಷ್ಣವಿವರದ ಚಿತ್ರವೂ ಹೊರಬಿದ್ದಿತು. ಅದರ ಉಂಗುರ 52 ಮೈಕ್ರೊ ಆರ್ಕ್‌ಸೆಕೆಂಡಿನಷ್ಟು.

ಈ ಉಂಗುರಗಳ ಮೇಲೆ ಪರಿವೇಷದ ಪ್ರಭಾವವೇನು? ಮೊದಲು ಕೃಷ್ಣವಿವರದಿಂದ ಬಹುದೂರ, ಲಕ್ಷಾಂತರ ಜ್ಯೋತಿರ್ವರ್ಷಗಳವರೆಗೆ ಹರಡಿರುವ ಪಾಲನ್ನು ಗಣಿಸೋಣ. ಸುತ್ತಲೂ ಸಮನಾಗಿ ಹರಡಿದ ದ್ರವ್ಯವು ತನ್ನೊಳಗಿನ ವಸ್ತುವನ್ನು ಯಾವ ದಿಕ್ಕಿಗೂ ಎಳೆಯುವುದಿಲ್ಲವೆಂಬುದು ನ್ಯೂಟನ್ನರ ಕಾಲದಿಂದಲೂ ತಿಳಿದ ಸಂಗತಿ. ಹಾಗೆಂದು ಅದರ ಪರಿಣಾಮವೇ ಇಲ್ಲವೆಂದಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಪ್ರಸ್ಥಭೂಮಿಯ ಮೇಲಿದೆ. ಆ ಎತ್ತರದ ಕಾರಣದಿಂದ ಸುದ್ದಗುಂಟೆಪಾಳ್ಯದ ಅಂಗಳದಲ್ಲಿಟ್ಟ ಗೋಲಿ ಯಾವ ಕಡೆಗೂ ಉರುಳುವುದಿಲ್ಲ, ಆದರೆ ಅಲ್ಲಿಯ ಅಡುಗೆಮನೆಯಲ್ಲಿ ಅನ್ನಕ್ಕೆ ಇಟ್ಟ ನೀರು ಮಂಗಳೂರಿನಲ್ಲಿ ಬೇಕಾಗುವ 100 ಡಿಗ್ರಿಯನ್ನು ಮುಟ್ಟದೆ 97ರ ಸುಮಾರಿಗೇ ಕುದಿಯುತ್ತದೆ. ಪರಿವೇಷದ ಕೆಲಸವೂ ಇಂಥದೇ: ಕೃಷ್ಣವಿವರದ ಬಳಿ ಯಾವ ಸೆಳೆತವನ್ನೂ ಉಂಟುಮಾಡದೆ, ಅಲ್ಲಿಯ ಇಡೀ ನೆಲೆಯನ್ನೇ ಗುರುತ್ವದ ಒಂದು ತಗ್ಗಿನಲ್ಲಿ ಇಳಿಸಿರುತ್ತದೆ, ಅಲ್ಲಿಯ ಗಡಿಯಾರಗಳು ಒಂದಿಷ್ಟು ನಿಧಾನವಾಗಿ ನಡೆಯುತ್ತವೆ, ಅಲ್ಲಿಂದ ಹೊರಡುವ ಬೆಳಕು ಒಂದಿಷ್ಟು ಕೆಂಪಿಗೆ ಸರಿಯುತ್ತದೆ, ಛಾಯೆಯು ಅದೇ ಪ್ರಮಾಣದಲ್ಲಿ ಹಿಗ್ಗಿದಂತೆ ತೋರುತ್ತದೆ.

ಆ ಪ್ರಮಾಣವೆಷ್ಟೆಂಬುದನ್ನು ಓದುಗರು ಕಾಗದ ಪೆನ್ಸಿಲು ಹಿಡಿದು ತಾವೇ ಕಂಡುಕೊಳ್ಳಬಹುದು. ಆಕಾಶಗಂಗೆಯಲ್ಲಿ ಸೂರ್ಯನು ಸೆಕೆಂಡಿಗೆ ಸುಮಾರು 220 ಕಿಲೋಮೀಟರ್ ವೇಗದಿಂದ ಸುತ್ತುತ್ತಿದ್ದಾನೆ. ಬೆಳಕಿನ ವೇಗ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು. ಎರಡರ ನಿಷ್ಪತ್ತಿ 1,360ರಲ್ಲಿ ಒಂದು; ಗುರುತ್ವದ ತಗ್ಗಿನ ಆಳ ಈ ನಿಷ್ಪತ್ತಿಯ ವರ್ಗವನ್ನು ಅನುಸರಿಸುವುದರಿಂದ, ವರ್ಗಮಾಡಿದರೆ ಹದಿನೆಂಟು ಲಕ್ಷದಲ್ಲಿ ಒಂದು ಪಾಲು. ಕೇಂದ್ರದಲ್ಲಿ ತಗ್ಗು ಇನ್ನೂ ಕೆಲವು ಪಟ್ಟು ಆಳವಿರುವುದರಿಂದ ಹತ್ತು ಲಕ್ಷಕ್ಕೆ ಕೆಲವು ಪಾಲು ಎಂದಿಟ್ಟುಕೊಳ್ಳೋಣ. 52 ಮೈಕ್ರೊ ಆರ್ಕ್‌ಸೆಕೆಂಡಿನ ಉಂಗುರವು ಇದರಿಂದ ಒಂದು ಮೈಕ್ರೊ ಆರ್ಕ್‌ಸೆಕೆಂಡಿನ ಹತ್ತು ಸಾವಿರದಲ್ಲಿ ಕೆಲವೇ ಪಾಲಿನಷ್ಟು ಹಿಗ್ಗೀತು. ನಮ್ಮ ಅಳತೆಯ ಏರುಪೇರೇ ಎರಡು ಮೂರು ಮೈಕ್ರೊ ಆರ್ಕ್‌ಸೆಕೆಂಡುಗಳಷ್ಟಿರುವಾಗ ಇದು ನಮಗೆ ಕಾಣುವ ಮಾತೇ ಇಲ್ಲ. ಈ ಪರಿಣಾಮ ದುಂಡಗಿನ ಛಾಯೆಯನ್ನು ದುಂಡಗೆಯೇ, ಚಪ್ಪಟೆಯಾದುದನ್ನು ಚಪ್ಪಟೆಯಾಗಿಯೇ ಹಿಗ್ಗಿಸುವುದರಿಂದ, ಆಕೃತಿಯಿಂದಲೂ ಅದರ ಗುರುತು ಹತ್ತದು.

ಹಾಗಾದರೆ ಕೃಷ್ಣವಿವರದ ತೀರ ಸಮೀಪದಲ್ಲಿರುವ ಕೃಷ್ಣದ್ರವ್ಯದ ಗತಿಯೇನು? ಬೆಳಕಿನ ಕಕ್ಷೆಗಳ ಒಳಗೇ ಸಾಕಷ್ಟು ದ್ರವ್ಯವಿದ್ದರೆ ಛಾಯೆ ನೇರವಾಗಿ ಬದಲಾಗಬೇಕು. ಪರಿವೇಷದ ಸಾಂದ್ರತೆ ಕೇಂದ್ರದ ಕಡೆಗೆ ದೂರಕ್ಕೆ ವಿಲೋಮವಾಗಿ ಏರುತ್ತ ಹೋಗುತ್ತದೆಂದು, ಕಂಪ್ಯೂಟರ್ ಗಣನೆಗಳು ಸೂಚಿಸುವಂತೆ, ಒಪ್ಪಿಕೊಂಡು ಲೆಕ್ಕಹಾಕಿದರೆ, ನಮ್ಮ ಗೆಲಾಕ್ಸಿಯ ಕೃಷ್ಣವಿವರದ ಬೆಳಕಿನ ಕಕ್ಷೆಯೊಳಗೆ ಸಿಕ್ಕುವ ಕೃಷ್ಣದ್ರವ್ಯವು ನಮ್ಮ ಚಂದ್ರನ ತೂಕದ ಒಂದು ಚಿಕ್ಕ ಭಾಗವಾಗುತ್ತದೆ. ನಾಲ್ವತ್ತು ಲಕ್ಷ ಸೂರ್ಯರೆದುರು ಅದು ಲೆಕ್ಕಕ್ಕೆ ಬರುವಂಥದಲ್ಲ. ಇದಕ್ಕಿಂತ ಆಶಾದಾಯಕವಾದ ಒಂದು ಸಾಧ್ಯತೆಯನ್ನು ಪಾವೊಲೊ ಗೊಂಡೊಲೊ ಮತ್ತು ಜೋಸೆಫ್ ಸಿಲ್ಕ್ 1999ರಲ್ಲಿ ತೋರಿಸಿದರು: ಕೃಷ್ಣವಿವರವು ನಿಧಾನವಾಗಿ ಬೆಳೆದಿದ್ದರೆ ಸುತ್ತಣ ಕೃಷ್ಣದ್ರವ್ಯವನ್ನೂ ತನ್ನೆಡೆಗೆ ಸೆಳೆದು ಒಂದು ಕಡಿದಾದ ಶಿಖರವನ್ನೇ ಕಟ್ಟಿಕೊಂಡಿರುತ್ತದೆ. ಶಿಖರವೇನೋ ಸರಿ; ಆದರೆ ದೂರದಿಂದ ಬಿದ್ದ ಕಣವು ಕ್ಷಿತಿಜದ ತ್ರಿಜ್ಯದ ಎರಡರಷ್ಟಕ್ಕಿಂತ ಹತ್ತಿರ ಸುಳಿಯಿತೆಂದರೆ ಅದು ಒಳಗೆ ಬೀಳಲೇಬೇಕು, ಬೆಳಕಿನ ಕಕ್ಷೆಯಾದರೋ ಒಂದೂವರೆ ಪಟ್ಟಿನಲ್ಲಿಯೇ ಇದೆ. ಛಾಯೆಯನ್ನು ತಿದ್ದಬಲ್ಲ ತಾಣದಲ್ಲಿ ಕೃಷ್ಣದ್ರವ್ಯ ತಳವೂರಲಾರದು. ತಳವೂರಬಲ್ಲ ತಾಣದಿಂದ ಛಾಯೆಗೆ ಅದರ ಕೈ ಎಟಕದು. ತಿರುಗುವ ಕೃಷ್ಣವಿವರದಲ್ಲಿ ಭ್ರಮಣದ ದಿಕ್ಕಿನಲ್ಲಿ ಸುತ್ತುವ ಕಣಗಳು ಇನ್ನಷ್ಟು ಒಳಕ್ಕೆ ನಿಲ್ಲಬಲ್ಲವು, ಆದರೆ ಆ ದಿಕ್ಕಿನ ಬೆಳಕಿನ ಕಕ್ಷೆಯೂ ಅಷ್ಟೇ ಒಳಕ್ಕೆ ಸರಿದಿರುತ್ತದೆ.

ಶಿಖರದ ಇರವನ್ನು ಪರೀಕ್ಷಿಸಲು ಛಾಯೆಗಿಂತ ಉತ್ತಮವಾದ ಸಾಕ್ಷಿ ಒಂದು ನಕ್ಷತ್ರ. ಎಸ್2 ಎಂಬ ಈ ನಕ್ಷತ್ರ ನಮ್ಮ ಗೆಲಾಕ್ಸಿಯ ಕೃಷ್ಣವಿವರವನ್ನು 16 ವರ್ಷಗಳಿಗೊಮ್ಮೆ ಸುತ್ತುತ್ತದೆ; 2018ರ ಮೇ ತಿಂಗಳಲ್ಲಿ ಅದು, ಭೂಮಿಗೂ ಸೂರ್ಯನಿಗೂ ಇರುವ ದೂರದ 120ರಷ್ಟು ಸಮೀಪಕ್ಕೆ ಬಂದು ಹೋಯಿತು. ಐನ್‌ಸ್ಟೈನರ ಸಿದ್ಧಾಂತದಂತೆ ಅದರ ದೀರ್ಘವೃತ್ತವು ಪ್ರತಿ ಸುತ್ತಿಗೆ ಡಿಗ್ರಿಯ ಐದರಲ್ಲೊಂದು ಪಾಲು ಮುಂದಕ್ಕೆ ಹೊರಳಬೇಕು; ಕಕ್ಷೆಯೊಳಗೆ ಹರಡಿದ ದ್ರವ್ಯವೇನಾದರೂ ಇದ್ದರೆ ಅದು ಹಿಂದಕ್ಕೆ ಹೊರಳಿಸಬೇಕು. ಚಿಲಿ ದೇಶದ ದೂರದರ್ಶಕಗಳಿಂದ ನಡೆದ ಅಳತೆ 2020ರಲ್ಲಿ ಪ್ರಕಟವಾದಾಗ, ಮುಂದಣ ಹೊರಳು ಸಿದ್ಧಾಂತ ಹೇಳಿದಷ್ಟೇ ಇತ್ತು. ಆ ಕಕ್ಷೆಯ ಒಳಗೆ ಹರಡಿರಬಹುದಾದ ಎಲ್ಲ ಬಗೆಯ ಅದೃಶ್ಯ ದ್ರವ್ಯವೂ ಸೇರಿ ಕೃಷ್ಣವಿವರದ ಸಾವಿರದಲ್ಲಿ ಒಂದು ಪಾಲಿಗಿಂತ ಹೆಚ್ಚಿರಲಾರದೆಂದು ನಿರ್ಣಯವಾಯಿತು.

ಇಷ್ಟು ಬಲವಾದ ಸಾಕ್ಷ್ಯವಿದ್ದಾಗ್ಯೂ, ಕೃಷ್ಣದ್ರವ್ಯದಿಂದ ಛಾಯೆಯ ಆಕಾರ ಕಣ್ಣಿಗೆ ಕಾಣುವಷ್ಟು ಬದಲಾದ ಚಿತ್ರಗಳು ಸಂಶೋಧನ ಲೇಖನಗಳಲ್ಲಿ ಹೇರಳವಾಗಿ ಸಿಕ್ಕುತ್ತವೆ. ಅವನ್ನು ಓದುವಾಗ ಎರಡು ಎಚ್ಚರಗಳು ಅಗತ್ಯವೆಂದು ನನ್ನ ದೃಢವಾದ ಅಭಿಪ್ರಾಯ. ಪರಿಣಾಮವು ಎದ್ದು ತೋರಲೆಂದು ಅನೇಕರು ಕೃಷ್ಣದ್ರವ್ಯದ ಸಾಂದ್ರತೆಯನ್ನು ನಿಸರ್ಗದಲ್ಲಿರುವುದಕ್ಕಿಂತ ಲಕ್ಷ ಕೋಟಿ ಪಾಲು ಹೆಚ್ಚಿಸಿಕೊಂಡಿರುತ್ತಾರೆ. ಚಿತ್ರದ ಕೆಳಗಣ ಅಂಕಿಗಳನ್ನು ನೋಡದೆ ಚಿತ್ರವನ್ನು ನಂಬಬಾರದು. ಎರಡನೆಯದು ಇನ್ನೂ ಸೂಕ್ಷ್ಮವಾದುದು. ತಿರುಗದ ಕೃಷ್ಣವಿವರಕ್ಕೆ ದೊರೆತ ಪರಿಹಾರವನ್ನು ತಿರುಗುವುದಕ್ಕೆ ಮಾರ್ಪಡಿಸಲು ನ್ಯೂಮನ್ ಮತ್ತು ಜಾನಿಸ್ 1965ರಲ್ಲಿ ಕಂಡುಹಿಡಿದ ಒಂದು ಗಣಿತದ ಉಪಾಯವುಂಟು. ಶೂನ್ಯದಲ್ಲಿ ಅದು ಕೆರ್ ಪರಿಹಾರವನ್ನೇ ತಪ್ಪದೆ ಕೊಡುತ್ತದೆ. ದ್ರವ್ಯದ ನಡುವೆ ಅದನ್ನು ಪ್ರಯೋಗಿಸಿದಾಗಲಾದರೋ, ಹೊರಬಂದ ಪರಿಹಾರದಲ್ಲಿರುವ ದ್ರವ್ಯವು ನಾವು ಮೊದಲಿಗೆ ಇರಿಸಿದ ದ್ರವ್ಯವೇ ಎಂಬುದಕ್ಕೆ ಯಾವ ಭರವಸೆಯೂ ಇಲ್ಲ. ಕೋರಮಂಗಲದ ಲೇಖನಗಳಲ್ಲಿ ಒಳಗಣ ಹಾಗೂ ಹೊರಗಣ ಜಗತ್ತುಗಳನ್ನು ಎಲ್ಲೆಯಲ್ಲಿ ಒಂದಕ್ಕೊಂದು ಹೊಂದಿಸಲು ವಹಿಸಿದ ಶ್ರಮವನ್ನು ನೋಡಿದವರಿಗೆ ಈ ಭರವಸೆಯ ಬೆಲೆ ತಿಳಿಯುತ್ತದೆ.

ಇಲ್ಲಿಯವರೆಗಿನ ವಿಚಾರವೆಲ್ಲ ಕೃಷ್ಣದ್ರವ್ಯವು ಭಾರವಾದ ಕಣಗಳಿಂದಾದುದೆಂಬ ಊಹೆಯನ್ನು ಅವಲಂಬಿಸಿದೆ. ಅದು ಅತ್ಯಂತ ಹಗುರವಾದ ಕಣಗಳಿಂದಾಗಿದ್ದರೆ ಕಥೆಯೇ ಬೇರೆ, ಮತ್ತು ಆಗ ಭ್ರಮಣವೇ ಕಥಾನಾಯಕ. ಕಣ ಹಗುರವಾದಷ್ಟೂ ಅದರ ತರಂಗ ಉದ್ದವಾಗುತ್ತದೆಯಷ್ಟೆ. ಎಲೆಕ್ಟ್ರಾನಿನ ದ್ರವ್ಯರಾಶಿಯಲ್ಲಿ ಒಂದರ ಮುಂದೆ ಇಪ್ಪತ್ತೈದು ಸೊನ್ನೆಗಳನ್ನಿಟ್ಟ ಸಂಖ್ಯೆಗೆ ಒಂದು ಪಾಲಿಗಿಂತಲೂ ಕಡಮೆ ತೂಗುವ ಕಣವಿದ್ದರೆ, ಅದರ ತರಂಗದ ವಿಸ್ತಾರ ಎಂ87ರ ಕೃಷ್ಣವಿವರದ ಗಾತ್ರಕ್ಕೆ ಸಮೀಪಿಸುತ್ತದೆ. ಇಂಥ ತರಂಗ, ಭ್ರಮಿಸುವ ಕೃಷ್ಣವಿವರದ ಸುತ್ತ ಅದೇ ದಿಕ್ಕಿನಲ್ಲಿ ಆದರೆ ಅದಕ್ಕಿಂತ ನಿಧಾನವಾಗಿ ತಿರುಗುತ್ತಿತ್ತೆನ್ನಿ. ಎರ್ಗೋಸ್ಫಿಯರಿನಿಂದ ಭ್ರಮಣಶಕ್ತಿಯನ್ನು ಪಡೆದುಕೊಂಡು, ಹೋದುದಕ್ಕಿಂತ ಬಲಿಷ್ಠವಾಗಿ ಅದು ಮರಳುತ್ತದೆ. 1972ರಲ್ಲಿ ವಿಲಿಯಂ ಪ್ರೆಸ್ ಮತ್ತು ಸಾಲ್ ಟ್ಯೂಕೋಲ್ಸ್ಕಿ, ಕೃಷ್ಣವಿವರದ ಸುತ್ತ ಕನ್ನಡಿಯೊಂದನ್ನು ಕಟ್ಟಿದರೆ ತರಂಗವು ಮತ್ತೆ ಮತ್ತೆ ಒಳಕ್ಕೆ ಹೋಗಿ ಮತ್ತೆ ಮತ್ತೆ ಬಲಿಯುತ್ತದೆಂದು ತೋರಿಸಿದರು. ದ್ರವ್ಯರಾಶಿಯುಳ್ಳ ಕಣಕ್ಕೆ ಈ ಕನ್ನಡಿ ಬೇಕಿಲ್ಲ. ಕೃಷ್ಣವಿವರದ ಗುರುತ್ವವೇ ಅದನ್ನು ಓಡಿಹೋಗದಂತೆ ಹಿಡಿದಿಡುತ್ತದೆ. ಹೀಗೆ ಬಲಿಯುತ್ತ ಬಲಿಯುತ್ತ ಸುತ್ತಲೂ ಒಂದು ಮೋಡವೇ ಕವಿದು, ಅನುಕೂಲ ಸಂದರ್ಭದಲ್ಲಿ ಕೃಷ್ಣವಿವರದ ದ್ರವ್ಯರಾಶಿಯ ಹತ್ತರಲ್ಲಿ ಒಂದರಷ್ಟನ್ನು ತನ್ನದಾಗಿಸಿಕೊಳ್ಳಬಲ್ಲದು. ಅಷ್ಟರಮಟ್ಟಿಗೆ ಕೃಷ್ಣವಿವರದ ಭ್ರಮಣ ಕುಂದುತ್ತದೆ. ಪರಿವೇಷದ ಚದರಿದ ದ್ರವ್ಯಕ್ಕೆ ಅಸಾಧ್ಯವಾದುದು ಇಲ್ಲಿ ಸಾಧ್ಯವಾಗಿದೆ: ಮೋಡವನ್ನು ಕಟ್ಟುವ ಶಕ್ತಿ ಹೊರಗಿನಿಂದ ಬಂದುದಲ್ಲ, ಕೃಷ್ಣವಿವರದ ಒಡಲಿನಿಂದಲೇ ಬಂದುದು. ತಿರುಗದ ಕೃಷ್ಣವಿವರಕ್ಕೆ ಈ ಮೋಡವಿಲ್ಲ.

ಇದನ್ನು ನೋಟಕರು ಗುರುತಿಸುವುದು ಹೇಗೆ? ಭ್ರಮಣ ಕುಂದಿದ ಕೃಷ್ಣವಿವರದ ಛಾಯೆ ಹೆಚ್ಚು ದುಂಡಗಾಗುತ್ತದೆಂಬುದು ದಿಟವಾದರೂ ಎಂ87ರಲ್ಲಿ ಅದು ಉಪಯೋಗಕ್ಕೆ ಬಾರದು. ಸರಿಸುಮಾರು ಭ್ರಮಣಾಕ್ಷದ ನೇರಕ್ಕೆ ಅದರ ಬಳಿಯಿಂದ ಚಿಮ್ಮುವ ಚಿಲುಮೆಯನ್ನು ನಾವು ಸುಮಾರು 17 ಡಿಗ್ರಿಯ ಓರೆಯಲ್ಲಿ, ಬಹುಮಟ್ಟಿಗೆ ನೆತ್ತಿಯ ಕಡೆಯಿಂದಲೇ ನೋಡುತ್ತಿರುವುದರಿಂದ, ಭ್ರಮಣ ಎಷ್ಟಿದ್ದರೂ ಛಾಯೆ ದುಂಡಗೆಯೇ ತೋರುತ್ತದೆ. ಅಲ್ಲಿ ಭ್ರಮಣವುಂಟೆಂಬುದಕ್ಕೆ ಬೇರೆಡೆಯ ಪ್ರಮಾಣ ದೊರೆತಿದೆ: ಎರಡು ದಶಕಗಳಿಗೂ ಮೀರಿದ ಕಾಲದ ಅವಲೋಕನಗಳನ್ನು ಜೋಡಿಸಿದಾಗ ಆ ಚಿಲುಮೆಯು, ದೇಶಕಾಲದ ಸೆಳೆತಕ್ಕೆ ಸಿಕ್ಕಿದಂತೆ, ಸುಮಾರು 11 ವರ್ಷಗಳಿಗೊಮ್ಮೆ ಓಲಾಡುತ್ತಿರುವುದು ಕಂಡುಬಂದು, 2023ರಲ್ಲಿ ಪ್ರಕಟವಾಯಿತು. ಮೋಡವನ್ನು ಗುರುತಿಸಲು ಉಳಿದಿರುವ ದಾರಿ ಧ್ರುವೀಕರಣ. ಆಕ್ಸಿಯಾನ್ ಜಾತಿಯ ಹಗುರ ಕಣಗಳ ಮೋಡದಲ್ಲಿ ಹಾದುಬಂದ ಬೆಳಕಿನ ಕಂಪನತಲವು, ಮೋಡದ ಮಿಡಿತಕ್ಕೆ ತಕ್ಕಂತೆ, ಒಮ್ಮೆ ಇತ್ತ ಒಮ್ಮೆ ಅತ್ತ ತೂಗಬೇಕು, ಮತ್ತು ಆ ತೂಗಾಟ ಉಂಗುರದ ಸುತ್ತ ಒಂದು ತರಂಗದಂತೆ ಸಾಗಬೇಕು. ಎಂ87ರ ಉಂಗುರದ ಧ್ರುವೀಕರಣದ ಚಿತ್ರ 2021ರ ಮಾರ್ಚಿನಲ್ಲಿ ಪ್ರಕಟವಾಯಿತು. ಅದಕ್ಕೆ ಆಧಾರವಾದ 2017ರ ಏಪ್ರಿಲ್ 5, 6, 10, 11ರ ನಾಲ್ಕು ರಾತ್ರಿಗಳ ಅಳತೆಗಳನ್ನು ಒಂದರೊಡನೊಂದು ಹೋಲಿಸಿ ನೋಡಿದವರಿಗೆ ಅಂಥ ತೂಗಾಟ ಸಿಕ್ಕಲಿಲ್ಲ. ಈ ತೂಕದ ಆಕ್ಸಿಯಾನುಗಳಿದ್ದರೆ ಅವು ಬೆಳಕಿನೊಡನೆ ಹೊಂದಿರಬಹುದಾದ ನಂಟಿಗೆ ಇದರಿಂದ ಬಿಗಿಯಾದ ಮಿತಿಯೊಂದು ದೊರೆಯಿತು.

ಆದರೆ ನಾಲ್ಕು ರಾತ್ರಿಗಳು ಸಾಲವು. ಮೇಲೆ ಹೇಳಿದ ತೂಕದ ಕಣಕ್ಕೆ ಮೋಡದ ಒಂದು ಮಿಡಿತ ಐದು ದಿನಗಳ ಸುಮಾರಿನದು. ಹತ್ತು ಪಾಲು ಹಗುರವಾದುದಕ್ಕೆ ಐವತ್ತು ದಿನಗಳ ಸುಮಾರಿನದು. ಇದರ ಜೊತೆಗೆ ಅನಿಲದ ಸ್ವಂತ ಚಾಂಚಲ್ಯವೂ ಉಂಟು: 2018ರಲ್ಲಿ ಇನ್ನೊಮ್ಮೆ ತೆಗೆದು 2024ರಲ್ಲಿ ಪ್ರಕಟಿಸಿದ ಚಿತ್ರದಲ್ಲಿ ಉಂಗುರದ ವ್ಯಾಸ ಮೊದಲಿನಷ್ಟೇ ಇದ್ದು, ಅದರ ಅತ್ಯಂತ ಪ್ರಕಾಶಮಾನವಾದ ಭಾಗ ಮಾತ್ರ ಸುಮಾರು 30 ಡಿಗ್ರಿ ಸರಿದಿತ್ತು. ಅನಿಲದ ಈ ಅಲೆದಾಟಕ್ಕೆ ನಿಯತವಾದ ಕಾಲವಿಲ್ಲ, ಮೋಡದ ಮಿಡಿತಕ್ಕೆ ಉಂಟು; ಒಂದನ್ನು ಇನ್ನೊಂದರಿಂದ ಬೇರ್ಪಡಿಸಲು ಅದೇ ಉಂಗುರವನ್ನು, ಅದೇ ದೂರದರ್ಶಕಗಳಿಂದ, ತಿಂಗಳುಗಟ್ಟಲೆ ಎಡೆಬಿಡದೆ, ಧ್ರುವೀಕರಣಸಹಿತವಾಗಿ ಚಿತ್ರಿಸುತ್ತ ಹೋಗಬೇಕು.